ಕೈಗೆ ಬಂದ ಐದು

ನನಗೆ ಯಾರಾದರೂ ಏನಾದರೂ ಕೊಡಲು ಬಂದರೆ ಮೈಯೆಲ್ಲ ಉರಿಯುತ್ತದೆ. ಹುಟ್ಟುಹಬ್ಬಕ್ಕೆ ಪೆನ್ನು ಹಿಡಿದುಕೊಂಡು ಬಂದ ಗೆಳತಿಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವಳು ನಾನು. ಬೇರೆ ಊರಿನಲ್ಲಾದರೆ ಇದಕ್ಕೆ ಧಿಮಾಕು ಅನ್ನುತ್ತಾರೇನೋ, ನಮ್ಮಲ್ಲಿ ಬುದ್ಧಿ ಅನ್ನುತ್ತಾರೆ. ನಮ್ಮ ಊರಿನಲ್ಲಿ ಬೆಳಗ್ಗೆ ಎದ್ದವರಿಗೆ ತಮ್ಮ ಸ್ವಂತದ ಸಾಮಾನುಗಳಲ್ಲಿ ಐದೇ ಐದು ಕೈಗೆ ಬರುತ್ತವೆ. ಉಳಿದವು ಅದೇ ಮನೆಯಲ್ಲಿ, ಅದೇ ಕಪಾಟಿನಲ್ಲಿ ಇರುತ್ತವೆ, ಆದರೆ ಎಷ್ಟು ತಡಕಾಡಿದರೂ ಸಿಗುವುದಿಲ್ಲ. ಮಾರನೆಯ ಬೆಳಗ್ಗೆ ಇನ್ಯಾವುದೋ ಐದು. ಪಾತ್ರೆ, ಒಲೆ, ಮಂಚ ಇವೆಲ್ಲ ಮನೆಯವು. ಉಟ್ಟ ಬಟ್ಟೆ ಮೈಯದು. ಅವುಗಳಿಗೆ ಈ ತಾಪತ್ರಯವಿಲ್ಲ. ಮಿಕ್ಕಿದ್ದಕ್ಕೆಲ್ಲ ಉಂಟು. ಹಾಗಾಗಿ ನಮ್ಮಲ್ಲಿ ಐದೇ ಸಾಮಾನು ಇಟ್ಟುಕೊಂಡವನು ದೊರೆ. ನಮ್ಮ ಸಾಹುಕಾರರು ವರ್ಷದಲ್ಲಿ ಬಹಳ ದಿನ ಬರಿಗಾಲಿನಲ್ಲಿ ಓಡಾಡುತ್ತಾರೆ.

ಬೇಡವಾದದ್ದನ್ನು ಎಸೆದರಾಯಿತಲ್ಲ ಅನ್ನಬೇಡಿ. ಕೆರೆಗೆ ಹಾಕಿದ ರೇಡಿಯೋ ಒಂದು ಬೆಳಗ್ಗೆ ನಿಮ್ಮ ತಲೆದಿಂಬಿನ ಪಕ್ಕದಲ್ಲಿ ನೀರು ಸೋರಿಸುತ್ತ ಕೂತಿರುತ್ತದೆ. ಸುಟ್ಟರೆ ಬೂದಿ ಬರುತ್ತದೆ, ಅದೂ ಐದರಲ್ಲೊಂದಾಗಿ. ಇನ್ನೊಬ್ಬರು ಬಾಯಿಬಿಟ್ಟು "ನನಗೆ ಬೇಕು" ಎಂದು ತೆಗೆದುಕೊಂಡರೆ ಮಾತ್ರ ಅದು ನಿಮ್ಮನ್ನು ಬಿಡುತ್ತದೆ. ಎರವಲು ನಡೆಯುವುದಿಲ್ಲ. ಇನ್ನೊಬ್ಬರ ಕೊಡೆ ನಮ್ಮ ಕೈಯಲ್ಲಿ ಬಿಚ್ಚಿಕೊಳ್ಳುವುದಿಲ್ಲ, ಇನ್ನೊಬ್ಬರ ಕನ್ನಡಕದಲ್ಲಿ ಮಂಜು ಕಾಣುತ್ತದೆ. ಒಂದೇ ಬಗೆಯದು ಎರಡಿಟ್ಟುಕೊಂಡರೂ ಎರಡೂ ಒಟ್ಟಿಗೇ ಬರುತ್ತವೆ, ಒಟ್ಟಿಗೇ ಅಡಗುತ್ತವೆ. ಎಲ್ಲವನ್ನೂ ಜನ ಮಾಡಿ ನೋಡಿ ಕೈಬಿಟ್ಟಿದ್ದಾರೆ. ಮದುವೆಯ ಕರೆಯೋಲೆಯಲ್ಲಿ ನಾವು "ಬರಿಗೈಯಲ್ಲೇ ಬಂದು ಹರಸಬೇಕು" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತೇವೆ. ಬಸ್‌ಸ್ಟ್ಯಾಂಡಿನಲ್ಲಿ ಹೊಸಬರು ಇಳಿದರೆ ಸಾಕು, ಗಡಿಯಾರ, ಗೊಂಬೆ, ಹಳೆಯ ಸೂಟ್‌ಕೇಸು ಹಿಡಿದುಕೊಂಡು ಜನ ಮುತ್ತಿಕೊಳ್ಳುತ್ತಾರೆ. ಪಾಪ, ಅವರು ಎಂಥ ಧಾರಾಳಿಗಳ ಊರಪ್ಪ ಅಂದುಕೊಳ್ಳುತ್ತಾರೆ.

ನನ್ನ ಐದು ಇವು: ಫೋನು, ಚಾರ್ಜರು, ಕನ್ನಡಕ, ಪರ್ಸು, ಚಪ್ಪಲಿ. ಆರನೆಯದಿಲ್ಲ. ನಾನೊಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಗಿರಾಕಿ ಇಲ್ಲದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಕಾಲು ಕುಣಿಯುತ್ತಿರುತ್ತದೆ, ಹೆಬ್ಬೆರಳು ಫೋನಿಗೆ ಹೋಗುತ್ತದೆ. ಅದರಲ್ಲಿ ಬಾವಿಯಾಟ ಅಂತ, ಇಸ್ಪೀಟಿನ ಹಾಗೆ, ಒಂದು ಎಲೆಯಾಟ ಇದೆ. ಒಂದು ಬಾವಿಯ ಮೆಟ್ಟಿಲಿಳಿಯಬೇಕು. ಮೊದಲಿಗೆ ಕೈಯಲ್ಲಿ ಕೆಲವು ಸಪ್ಪೆ ಎಲೆಗಳಿರುತ್ತವೆ, ಅಷ್ಟೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಪ್ರಾಣಿ ಕಾದಿರುತ್ತದೆ. ಗೆದ್ದರೆ ಆಟವೇ ಮೂರು ಹೊಸ ಎಲೆ ತೋರಿಸಿ ಯಾವುದು ಬೇಕು ಎಂದು ಕೇಳುತ್ತದೆ. ಒಂದನ್ನು ತೆಗೆದುಕೊಳ್ಳಬಹುದು, ಏನೂ ಬೇಡ ಅಂತಲೂ ಅನ್ನಬಹುದು. ಸತ್ತರೆ ಮುಗಿಯಿತು. ನಿಂತಲ್ಲಿಂದ ಮುಂದುವರಿಸುತ್ತೇನೆ ಅನ್ನುವ ಹಾಗಿಲ್ಲ, ಮತ್ತೆ ಮೇಲಿನಿಂದ, ಅದೇ ಸಪ್ಪೆ ಎಲೆಗಳಿಂದ ಶುರು ಮಾಡಬೇಕು. ಮೆಟ್ಟಿಲೂ ಪ್ರಾಣಿಗಳೂ ಪ್ರತಿ ಸಲ ಬೇರೆ.

ಹೊಸದಾಗಿ ಆಡುವವರೆಲ್ಲ ಮಾಡುವ ತಪ್ಪು ಒಂದೇ. ಕತ್ತಿ ಕಂಡರೆ ಕತ್ತಿ, ಬೆಂಕಿ ಕಂಡರೆ ಬೆಂಕಿ, ಬಾಚಿ ಬಾಚಿ ತುಂಬಿಕೊಳ್ಳುತ್ತಾರೆ. ಎಲೆಗಳ ಕಟ್ಟು ದಪ್ಪವಾದಷ್ಟೂ ಬಲ ಬಂತು ಅಂದುಕೊಳ್ಳುತ್ತಾರೆ. ಅಯ್ಯೋ ದಡ್ಡರಾ, ಒಂದು ಸರದಿಗೆ ನಿಮ್ಮ ಕೈಗೆ ಬರುವುದು ಐದೇ ಎಲೆ! ಎಂಬತ್ತು ಎಲೆಯ ಕಟ್ಟಿನಲ್ಲಿ ನಿಮ್ಮ ಬೆಂಕಿ ಎಲ್ಲೋ ತಳದಲ್ಲಿ ಮಲಗಿರುತ್ತದೆ, ಇಲ್ಲಿ ಕರಡಿ ನಿಮ್ಮನ್ನು ಹರಿದುಹಾಕುತ್ತಿರುತ್ತದೆ. ಒಳ್ಳೆಯ ಆಟಗಾರ್ತಿಯ ಗುಟ್ಟಿರುವುದು ಬೇಡ ಅನ್ನುವುದರಲ್ಲಿ. ಒಳ್ಳೆಯ ಎಲೆಯನ್ನೂ ಬೇಡ ಅನ್ನಬೇಕು. ಎಲೆ ಚೆನ್ನಾಗಿದೆಯೇ ಅನ್ನುವುದಲ್ಲ, ನನ್ನ ಕಟ್ಟಿಗೆ ಬೇಕೇ ಅನ್ನುವುದು ಪ್ರಶ್ನೆ. ಆಟದೊಳಗೂ ಒಂದು ಅಂಗಡಿ ಬರುತ್ತದೆ, ಅಲ್ಲಿ ಹೊಸ ಎಲೆ ಕೊಳ್ಳುವುದಕ್ಕಿಂತ ಹಳೆಯ ಎಲೆ ಕಿತ್ತುಹಾಕಿಸುವುದು ದುಬಾರಿ. ಈ ಆಟ ಮಾಡಿದವರು ನಮ್ಮೂರಿನವರೇ ಇರಬೇಕು ಎಂದು ನನಗೆ ಮೊದಲಿನಿಂದಲೂ ಅನುಮಾನ.

ಅಕ್ಕ ನಿರುಪಮಾಗೆ ಈ ಆಟ ಕಲಿಸಿದವಳು ನಾನೇ. ಅವಳಷ್ಟು ಕೆಟ್ಟದಾಗಿ ಆಡುವವರನ್ನು ನಾನು ಕಂಡಿಲ್ಲ. ತೋರಿಸಿದ ಎಲೆಯನ್ನೆಲ್ಲ ತೆಗೆದುಕೊಳ್ಳುತ್ತಿದ್ದಳು. "ಬೇಡ ಅನ್ನೇ, ಬೇಡ ಅನ್ನು!" ಎಂದು ನಾನು ಪಕ್ಕದಲ್ಲಿ ಕೂತು ಬಡಿದುಕೊಳ್ಳುತ್ತಿದ್ದೆ. "ಪಾಪ ಕಣೆ ಭಾರ್ಗವಿ, ಕೊಡ್ತೀನಿ ಅಂತ ನಿಂತ್ಕೊಂಡಿದೆ, ಹೆಂಗ್ ಬೇಡ ಅನ್ಲಿ?" ಅನ್ನುತ್ತಿದ್ದಳು. ಎಲೆಗೆ ಪಾಪ ಅನ್ನುವವಳು ಮನುಷ್ಯರಿಗೆ ಬಿಡುತ್ತಾಳೆಯೇ! ಇಡೀ ಊರಿಗೆ ಬೇಡವಾದದ್ದನ್ನು ಅವಳು "ನನಗೆ ಬೇಕು" ಎಂದು ಮನೆಗೆ ತರುತ್ತಿದ್ದಳು. ಬೇಕರಿ ಶೇಷಪ್ಪನ ಹರಕು ತಿದಿಯ ಹಾರ್ಮೋನಿಯಂ, ಲೀಲಾವತಿ ಟೀಚರ್ ಶಾಲೆಯಲ್ಲಿ ಗೆದ್ದ ಹಿತ್ತಾಳೆ ಕಪ್ಪುಗಳು, ಎದುರುಮನೆ ಮೆಹರುನ್ನಿಸಾ ಆಂಟಿಯ ತೊಟ್ಟಿಲು, ಯಾರದೋ ಮೀನಿಲ್ಲದ ಮೀನಿನ ತೊಟ್ಟಿ. ಜನ ಅವಳನ್ನು ದೇವರಂಥವಳು ಎಂದು ಹೊಗಳಿ, ಹಗುರಾಗಿ ಮನೆಗೆ ಹೋಗುತ್ತಿದ್ದರು.

ಅವಳಿಗೆ ಉಬ್ಬಸವಿತ್ತು, ಅಮ್ಮನಿಂದ ಬಂದದ್ದು. ಉಸಿರು ಕಟ್ಟಿದಾಗ ಬಾಯಿಗೆ ಒತ್ತಿಕೊಳ್ಳುವ ಪಂಪು ಇಬ್ಬರ ಹತ್ತಿರವೂ ಒಂದೊಂದಿತ್ತು. ಔಷಧಿ ಅಂಗಡಿಗೆ ಅದು ಬರುವುದೇ ಅಪರೂಪ. ಅಷ್ಟು ಸಾಮಾನಿನ ನಡುವೆ ಅಕ್ಕನ ಪಂಪು ವಾರಗಟ್ಟಲೆ ಕೈಗೆ ಬರುತ್ತಿರಲಿಲ್ಲ. ಹೋದ ವರ್ಷ ಮಾಗಿಯ ಒಂದು ಬೆಳಗ್ಗೆ ಅವಳ ಕೈಗೆ ಬಂದ ಐದರಲ್ಲಿ ಹಾರ್ಮೋನಿಯಂ ಇತ್ತು, ಎರಡು ಕಪ್ಪಿದ್ದವು, ಒಂದು ಒಡೆದ ಕನ್ನಡಿಯಿತ್ತು, ಅವಳ ಫೋನಿತ್ತು. ಪಂಪು ಇರಲಿಲ್ಲ. ಅಮ್ಮ ತನ್ನ ಪಂಪನ್ನು ಅವಳ ಬಾಯಿಗಿಟ್ಟು ಒತ್ತಿಯೇ ಒತ್ತಿದಳು. ಎರವಲು ಪಂಪಿನಿಂದ ಏನೂ ಬರಲಿಲ್ಲ. "ನನಗೆ ಬೇಕು ಅನ್ನೇ, ನನಗೆ ಬೇಕು ಅನ್ನು" ಎಂದು ಅಮ್ಮ ಕಿರುಚುತ್ತಿದ್ದಳು. ಜೀವಮಾನವೆಲ್ಲ ಆ ಮಾತನ್ನೇ ಆಡಿದವಳಿಗೆ ಆವತ್ತು ಅದನ್ನು ಆಡುವಷ್ಟು ಉಸಿರಿರಲಿಲ್ಲ. ನಾನು ಆಟೋ ತಂದು ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು. ಮನೆಯ ತುಂಬ ಓಡಾಡಿದೆ, ಬೀದಿ ತುಂಬ ಓಡಾಡಿದೆ, ತಿಥಿಗೆ ಬಂದವರ ಮುಖ ನೋಡಿದಾಗೆಲ್ಲ ಇವರು ಏನೇನು ಕೊಟ್ಟಿದ್ದರು ಎಂದೇ ಲೆಕ್ಕ ಹಾಕಿದೆ. ನಮ್ಮಲ್ಲಿ ಸತ್ತವರ ಸಾಮಾನು ಕೇಳದೆ ಹೇಳದೆ ಹತ್ತಿರದವರಿಗೆ ಬರುತ್ತದೆ. ಅಕ್ಕನದೆಲ್ಲ ಅಮ್ಮನಿಗೆ ಬಂತು. ಈಗ ಅಮ್ಮನ ಪಂಪು ಅದೇ ರಾಶಿಯ ತಳಕ್ಕೆ ಹೋಗಿ ಕೂತಿತು. ಮಗಳನ್ನು ಕೊಂದ ಕಟ್ಟು ಇದ್ದ ಹಾಗೇ ತಾಯಿಯ ಕೈಗೆ ಬಂತಲ್ಲ, ಇದಕ್ಕೇನನ್ನಬೇಕು? ಅಮ್ಮನೂ ಹೋಗುತ್ತಾಳೆ, ಇವತ್ತಲ್ಲದಿದ್ದರೆ ನಾಳೆ, ಎನ್ನುವುದು ನನಗೆ ಹಗಲುಬೆಳಕಿನಷ್ಟು ಸ್ಪಷ್ಟವಾಗಿತ್ತು. ತಡೆಯುವ ದಾರಿ ಒಂದೇ ಇತ್ತು, ಕಟ್ಟು ತೆಳ್ಳಗಾಗಬೇಕು.

"ಅಮ್ಮ, ಯಾರ್ಯಾರ ಸಾಮಾನು ಅವರವರಿಗೆ ವಾಪಸ್ ಕೊಟ್ಬಿಡೋಣ," ಅಂದೆ.

"ಅವಳು ಬೇಕು ಅಂದು ತಂದಿದ್ದು ಕಣೆ."

"ಅವಳು ತಂದಿದ್ದಕ್ಕೇ ಅವಳಿಲ್ಲ."

ಅಮ್ಮ ಎದ್ದು ಸೆರಗು ಸರಿಮಾಡಿಕೊಂಡು, "ನಡಿ," ಅಂದಳು.

ಒಂದೇ ದಿನ ಗಾಡಿ ಕಟ್ಟಿ ಎಲ್ಲ ಸಾಗಿಸುವ ಹಾಗಿಲ್ಲವಲ್ಲ. ದಿನಕ್ಕೆ ಕೈಗೆ ಬರುವುದು ಐದು, ಅವುಗಳಲ್ಲಿ ಕೊಡಬಹುದಾದದ್ದು ಒಂದೋ ಎರಡೋ. ಪ್ರತಿ ಬೆಳಗ್ಗೆ ನಾನು ಅಮ್ಮನ ಹಾಸಿಗೆಯ ಪಕ್ಕ ನಿಂತು ಇವತ್ತೇನು ಬಂದಿದೆ ಎಂದು ನೋಡುತ್ತಿದ್ದೆ. ಪಂಪು ಬಂದಿದ್ದರೆ ಒಂದು ದಿನ ಗೆದ್ದೆವು ಎಂದು ಉಸಿರುಬಿಡುತ್ತಿದ್ದೆ. ಇಲ್ಲದಿದ್ದರೆ ಅಮ್ಮನನ್ನು ಜೋರಾಗಿ ನಡೆಯಬೇಡ, ಒಗ್ಗರಣೆ ಹಾಕಬೇಡ, ಕಸ ಗುಡಿಸಬೇಡ ಎಂದು ಕಾಯುತ್ತಿದ್ದೆ. ಜೆರಾಕ್ಸ್ ಅಂಗಡಿಯಲ್ಲಿ ನಿಂತರೂ ಮನಸ್ಸು ಮನೆಯಲ್ಲಿ. ಒಬ್ಬರ ಆಧಾರ್ ಕಾರ್ಡನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ.

ಕೊಡುವುದು ಸುಲಭವಿರಲಿಲ್ಲ. ಮೆಹರುನ್ನಿಸಾ ಆಂಟಿ ಒಳ್ಳೆಯವರು; ತೊಟ್ಟಿಲು ನೋಡಿದ್ದೇ "ಅಲ್ಲಾ, ನಮ್ ಸೊಸೆಗೆ ಈಗ ಏಳನೇ ತಿಂಗ್ಳು, ನಾನೇ ಬಂದು ಕೇಳ್ಬೇಕು ಅಂತಿದ್ದೆ, ಬೇಕು ಬೇಕು" ಎಂದು ಒಳಗೆ ಒಯ್ದರು. ಲೀಲಾವತಿ ಟೀಚರ್ ಮಾತ್ರ ಬಾಗಿಲು ಅರ್ಧ ತೆಗೆದು ನಿಂತರು. "ಈ ವಯಸ್ಸಲ್ಲಿ ನಂಗೆ ಕನ್ನಡಕ ದಿನಾ ಬೇಕಮ್ಮ. ಈ ಕಪ್ಪೆಲ್ಲ ಬಂದ್ರೆ ನಾನು ಕುರುಡಿ ಆಗ್ತೀನಿ," ಅಂದರು. "ನಮ್ಮಕ್ಕನಿಗೆ ಉಸಿರು ದಿನಾ ಬೇಕಿತ್ತು ಟೀಚರ್," ಅಂದೆ. ನನ್ನ ನಾಲಿಗೆ ಹಾಗೇ. ಅವರು ಅಳುತ್ತ ಬೇಕು ಅಂದು ತೆಗೆದುಕೊಂಡರು. ಆಮೇಲೆ ಅವರು ಗೋಡೆ ಹಿಡಿದುಕೊಂಡು ಹಾಲಿನ ಬೂತಿಗೆ ಹೋಗುವುದನ್ನು ನೋಡಿದೆ. ನೋಡಿ ಮುಖ ತಿರುಗಿಸಿಕೊಂಡೆ. ನನಗೆ ಬೇಕಾಗಿದ್ದವಳು ಅಮ್ಮ ಒಬ್ಬಳೇ.

ಶೇಷಪ್ಪನಂತೂ ಜಗಮೊಂಡ. ಹಾರ್ಮೋನಿಯಂ ಹೊತ್ತುಕೊಂಡು ನಾನು ಮುಂದೆ, ಅಮ್ಮ ಹಿಂದೆ, ಬೇಕರಿಗೆ ಹೋದರೆ ಅವನು ಬನ್ನು ಜೋಡಿಸುತ್ತ ತಲೆಯೆತ್ತಲಿಲ್ಲ. "ನಾನೇನ್ ಬಲವಂತ ಮಾಡಿದ್ನಾ? ಅವ್ಳೇ ಬೇಕು ಅಂದ್ಲು. ಊರೆಲ್ಲ ಸಾಕ್ಷಿ," ಅಂದ. "ಅವ್ಳು ಯಾವತ್ತಾದ್ರೂ ಬೇಡ ಅಂದಿದ್ದನ್ನ ನೋಡಿದ್ದೀಯೇನಯ್ಯಾ ನೀನು? ಅದು ಗೊತ್ತಿದ್ದೇ ತಾನೆ ಕೊಟ್ಟಿದ್ದು?" ಎಂದು ನಾನು ರೇಗಿದೆ. ಗಿರಾಕಿಗಳು ಟೀ ಲೋಟ ಹಿಡಿದು ನಮ್ಮ ಬಾಯಿ ನೋಡುತ್ತಿದ್ದರು. ಜಗಳದ ಭರದಲ್ಲಿ ನಾನು ಅಮ್ಮನ ಕಡೆ ತಿರುಗಲೇ ಇಲ್ಲ. ಒಲೆಯ ಹೊಗೆ, ಮೈದಾಹಿಟ್ಟಿನ ಧೂಳು ಎರಡೂ ಸೇರಿ ಅವಳಿಗೆ ಆಗಲೇ ಹಿಡಿದುಕೊಂಡಿತ್ತು. ಬೆಂಚಿನ ತುದಿ ಹಿಡಿದು ಬಾಗಿ ನಿಂತಿದ್ದಳು. ಎದೆಯೊಳಗಿಂದ ಸುಂಯ್ ಸುಂಯ್ ಎಂದು ಕೇಳುತ್ತಿತ್ತು. ಆವತ್ತಿನ ಐದರಲ್ಲಿ ಪಂಪು ಇರಲಿಲ್ಲ.

ಅಂಥ ಮೊಂಡನ ಮುಖ ಬಿಳಿಚಿಹೋಯಿತು. "ಅಯ್ಯಯ್ಯೋ ತಾಯಿ!" ಎಂದು ಬನ್ನಿನ ತಟ್ಟೆ ಬಿಸಾಕಿ ಹೊರಗೆ ಬಂದ. ಅಮ್ಮನನ್ನು ಎತ್ತಿ ಬೀದಿಯ ಗಾಳಿಗೆ ಕೂರಿಸಿದ, ಬಿಸಿ ಕಾಫಿ ಗುಟುಕು ಗುಟುಕಾಗಿ ಕುಡಿಸಿದ. ನಾನು ಅಮ್ಮನ ಬೆನ್ನು ಉಜ್ಜುತ್ತ, ಬಾಯಿಗೆ ಬಂದ ದೇವರನ್ನೆಲ್ಲ ಕರೆಯುತ್ತಿದ್ದೆ. ನಿಧಾನವಾಗಿ ಸದ್ದು ಇಳಿಯಿತು. ಶೇಷಪ್ಪ ಹಾರ್ಮೋನಿಯಂ ಎತ್ತಿಕೊಂಡು, "ನಂಗೆ ಬೇಕು, ಇದೂ ಬೇಕು, ಇನ್ನೇನಾದ್ರೂ ನಂದಿದ್ರೆ ಅದೂ ಬೇಕು, ಮೊದ್ಲು ಮನೆಗೆ ಕರ್ಕೊಂಡ್ ಹೋಗಮ್ಮ ಇವ್ರನ್ನ," ಅಂದ. ಆ ಸುದ್ದಿ ಊರೆಲ್ಲ ಹಬ್ಬಿತು. ಮಾರನೆಯ ದಿನದಿಂದ ಜನ ತಾವೇ ನಮ್ಮ ಬಾಗಿಲಿಗೆ ಬಂದು ಇವತ್ತು ನಮ್ಮದೇನಾದರೂ ಬಂದಿದೆಯೇ ಎಂದು ಕೇಳತೊಡಗಿದರು.

ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಅಮ್ಮನ ಕಟ್ಟು ಐದಕ್ಕೆ ಇಳಿಯಿತು. ಅಕ್ಕನ ಪಂಪಿನಲ್ಲಿ ಉಳಿದಿದ್ದ ಒಂದಿಷ್ಟು ಮದ್ದು ಅಷ್ಟರಲ್ಲಿ ಮುಗಿದು, ಆ ಖಾಲಿ ಡಬ್ಬಿಯನ್ನು ಔಷಧಿ ಅಂಗಡಿಯವರು ಬೇಕು ಅಂದು ತೆಗೆದುಕೊಂಡಿದ್ದರು. ಪಂಪು, ಕನ್ನಡಕ, ಚಪ್ಪಲಿ, ಸ್ವೆಟರು, ಅಕ್ಕನ ಫೋನು. ಐದಕ್ಕೆ ಐದೂ ದಿನಾ ಕೈಯಲ್ಲಿ. ಆ ಬೆಳಗ್ಗೆ ನಾನು ಕುಣಿದುಬಿಟ್ಟೆ. ಬಾವಿಯಾಟದಲ್ಲಿ ಅಂಥ ಕಟ್ಟು ಕಟ್ಟಬೇಕೆಂದು ವರ್ಷಗಳಿಂದ ಒದ್ದಾಡಿದ್ದೆ, ಒಮ್ಮೆಯೂ ಆಗಿರಲಿಲ್ಲ. ಮನೆಯಲ್ಲಿ ಆಯಿತು. ಇನ್ನು ಅಮ್ಮನಿಗೆ ಸಾವಿಲ್ಲ ಅನ್ನುವ ಹಾಗೆ ಬೀಗಿದೆ.

ಅಕ್ಕನ ಫೋನಿನ ವಿಷಯ ಹೇಳಬೇಕು. ಅವಳು ಹೋದ ಬೆಳಗ್ಗೆಯೂ ಬಾವಿಯಾಟ ಆಡುತ್ತಿದ್ದಳು. ಅದು ಹೇಗೋ ಆವತ್ತು ಮೊದಲ ಸಲ ಕೊನೆಯ ಮೆಟ್ಟಿಲಿನವರೆಗೂ ಇಳಿದುಬಿಟ್ಟಿದ್ದಳು. ಅಲ್ಲಿ ಏಳು ಹೆಡೆಯ ಹಾವೊಂದು ಕಾದಿರುತ್ತದೆ. ಅವಳ ಸರದಿಗೆ ಆಟ ನಿಂತಿತ್ತು, ಕೈಯಲ್ಲಿ ಐದೆಲೆ, ಎದುರಿಗೆ ಹಾವು. ಸಾಮಾನು ರಾಶಿ ಇದ್ದಾಗ ಆ ಫೋನು ಅಮ್ಮನ ಕೈಗೆ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಬಂದ ದಿನ ಅಮ್ಮನಿಗೆ ಹಬ್ಬ. ನನ್ನ ಚಾರ್ಜರಿಗೆ ನನ್ನ ಕೈಯಿಂದಲೇ ಹಾಕಿಸಿ, ಸ್ನಾನ ಮಾಡಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಆಟವನ್ನು ತೆರೆದು ನೋಡುತ್ತಿದ್ದಳು, ಒಂದು ಎಲೆಯನ್ನೂ ಮುಟ್ಟುತ್ತಿರಲಿಲ್ಲ. ನನ್ನನ್ನು ಕರೆದು, "ಇವಳು ಗೆಲ್ತಿದ್ಲೇನೇ?" ಎಂದು ಕೇಳುತ್ತಿದ್ದಳು. "ನೋಡ್ಬೇಕಮ್ಮ," ಅನ್ನುತ್ತಿದ್ದೆ ನಾನು. ಅಮ್ಮ ಒಂದಿಷ್ಟು ಅತ್ತು, ಮುಖ ತೊಳೆದು, ಅಡುಗೆಗೆ ಏಳುತ್ತಿದ್ದಳು. ಅದಾದ ಮೇಲೆ ಬಹಳ ದಿನ ಆ ಮಾತಿರುತ್ತಿರಲಿಲ್ಲ.

ಈಗ ಅದು ದಿನಾ ಬರತೊಡಗಿತು. ದಿನಾ ಬೆಳಗ್ಗೆ ತಲೆದಿಂಬಿನ ಪಕ್ಕ ಅಕ್ಕ. ದಿನಾ ಅಮ್ಮ ಆಟ ತೆರೆದು ಆ ಹಾವನ್ನು ನೋಡುತ್ತಾಳೆ, ದಿನಾ "ಗೆಲ್ತಿದ್ಲೇನೇ?" ಎಂದು ಕೇಳುತ್ತಾಳೆ, ದಿನಾ ನಾನು "ನೋಡ್ಬೇಕು" ಅನ್ನುತ್ತೇನೆ, ದಿನಾ ಅವಳು ಅಳುತ್ತಾಳೆ. ಅತ್ತರೆ ಬಿಕ್ಕು, ಬಿಕ್ಕಿದರೆ ಉಬ್ಬಸ, ಆಮೇಲೆ ಪಂಪು. ಮುಂಚೆ ತಿಂಗಳಿಗೊಮ್ಮೆ ಬೇಕಾಗುತ್ತಿದ್ದ ಪಂಪು ಈಗ ಬೆಳಗ್ಗೆಯೂ ಬೇಕು, ಸಂಜೆಯೂ ಬೇಕು. ಒಳಗಿನ ಮದ್ದು ಬೇಗ ಬೇಗ ಮುಗಿಯತೊಡಗಿತು. ಔಷಧಿ ಅಂಗಡಿಯವರು, "ಇನ್ನೊಂದು ಬರೋದು ಯಾವಾಗ ಅಂತ ಹೇಳಕ್ಕಾಗಲ್ಲ ಮೇಡಂ, ಸ್ವಲ್ಪ ನೋಡ್ಕೊಂಡು ಉಪಯೋಗ್ಸಿ," ಅಂದರು. ಪಂಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರೆ ಒಳಗೆ ಸದ್ದೇ ಇಲ್ಲದಷ್ಟು ಹಗುರಾಗಿತ್ತು.

ಬಾವಿಯಾಟದಲ್ಲಿ ಮುಳ್ಳು ಅಂತ ಒಂದು ಎಲೆಯಿದೆ. ಅದರಿಂದ ಹೊಡೆಯಲಾಗುವುದಿಲ್ಲ, ತಡೆಯಲಾಗುವುದಿಲ್ಲ, ಕೈಯಲ್ಲಿದ್ದಷ್ಟು ಹೊತ್ತು ನಮ್ಮನ್ನೇ ಚುಚ್ಚುತ್ತಿರುತ್ತದೆ. ದಪ್ಪ ಕಟ್ಟಿನಲ್ಲಿ ಒಂದು ಮುಳ್ಳಿದ್ದರೆ ಗೊತ್ತೇ ಆಗುವುದಿಲ್ಲ, ಎಲ್ಲೋ ಒಮ್ಮೆ ಬಂದು ಹೋಗುತ್ತದೆ. ತೆಳ್ಳನೆಯ ಕಟ್ಟಿನಲ್ಲಿದ್ದರೆ ಪ್ರತಿ ಸರದಿಯೂ ಅದೇ. ಆಡುವವರಿಗೆಲ್ಲ ಇದು ಮೊದಲ ಪಾಠ. ನಾನು ಬೇರೆಯವರಿಗೆ ಹೇಳಿಕೊಡುವ ಪಾಠ! ಅಂಥವಳು ಅಮ್ಮನ ಕಟ್ಟನ್ನು ಐದಕ್ಕೆ ಇಳಿಸಿ, ಅದರಲ್ಲಿ ಇದನ್ನು ಉಳಿಸಿದ್ದೆ. ಯಾಕೆಂದರೆ ಅಮ್ಮ ಅದನ್ನು ಜೀವ ಅನ್ನುತ್ತಿದ್ದಳು, ನಾನೂ ಹಾಗೇ ಅಂದುಕೊಂಡಿದ್ದೆ. ಮತ್ತೆ ನಾಲ್ಕು ಹಳೆಯ ಸಾಮಾನು ತಂದು ತುಂಬಿದರೆ ಫೋನು ಅಪರೂಪವಾಗುತ್ತದೆ, ಪಂಪೂ ಅಪರೂಪವಾಗುತ್ತದೆ. ಹಾಗೆ ಲೆಕ್ಕ ಹಾಕಿದರೂ ಸಾವು, ಹೀಗೆ ಹಾಕಿದರೂ ಸಾವು. ಅಂಗಡಿಯಲ್ಲಿ ಮೆಷಿನ್ನಿನ ಸುತ್ತ ತಿರುಗಿ ತಿರುಗಿ ನನಗೆ ತಲೆ ಕೆಟ್ಟುಹೋಯಿತು.

ಒಂದು ಭಾನುವಾರ ಊಟವಾದ ಮೇಲೆ ಅಮ್ಮ ನಡುಮನೆಯಲ್ಲಿ ಫೋನು ಹಿಡಿದು ಕೂತಿದ್ದಳು. ಬೆಳಗ್ಗೆ ಒಮ್ಮೆ ಪಂಪು ಒತ್ತಿಕೊಂಡಾಗಿತ್ತು, ಈಗ ಮತ್ತೆ ಮೂಗು ಕೆಂಪಾಗುತ್ತಿತ್ತು. "ಭಾರ್ಗವಿ, ಇಲ್ಲಿ ಬಾ. ಸರಿಯಾಗಿ ನೋಡಿ ಹೇಳು. ಇವಳು ಗೆಲ್ತಿದ್ಲೇನೇ?"

ನಾನು ನೋಡಬೇಕಾದ್ದೇನೂ ಇರಲಿಲ್ಲ. ಆ ಪರದೆ ನನಗೆ ಬಾಯಿಪಾಠವಾಗಿತ್ತು. "ಇಲ್ಲಮ್ಮ," ಅಂದೆ. "ಸೋಲ್ತಿದ್ಲು."

ಅಮ್ಮ ತಲೆಯೆತ್ತಿದಳು. "ಗ್ಯಾರಂಟಿನಾ?"

"ಹಾವಿನ ಏಟು ತಡೆಯೋದಕ್ಕೆ ಅವಳ ಕೈಲಿ ಏನೂ ಇಲ್ಲ. ಎಲ್ಲ ತುಂಬ್ಕೊಂಡಿದಾಳೆ, ಬೇಕಾಗಿದ್ದು ಒಂದೂ ಬಂದಿಲ್ಲ. ಆ ದೀಪದೆಲೆ ಇದೆಯಲ್ಲ, ಅದನ್ನ ಹಾಕಿದ್ರೆ ಇನ್ನೊಂದು ಎಲೆ ಬರುತ್ತೆ. ಅದು ಗುರಾಣಿ ಆಗಿದ್ರೆ ಒಂದು ಸರದಿ ತಪ್ಪಿಸ್ಕೋಬಹುದು. ಅಷ್ಟು ದೊಡ್ಡ ಕಟ್ಟಲ್ಲಿ ಗುರಾಣಿ ಎರಡೋ ಮೂರೋ. ಬರಲ್ಲಮ್ಮ."

"ನಿಂಗಿದು ಯಾವಾಗಿಂದ ಗೊತ್ತು?"

"ಮೊದ್ಲಿಂದಾನೂ."

"ಮತ್ಯಾಕೆ ನೋಡ್ಬೇಕು ನೋಡ್ಬೇಕು ಅಂತಿದ್ದೆ? ನೀನು ಹಂಗಂದಿದ್ದಕ್ಕೇ ಅಲ್ವೇನೇ ನಾನು ದಿನಾ ಕೇಳ್ತಿದ್ದಿದ್ದು?" ಅಮ್ಮನಿಗೆ ಸಿಟ್ಟು ಬಂದಿತ್ತು. ಅಕ್ಕ ಹೋದ ಮೇಲೆ ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಡೆಯುತ್ತಾಳೇನೋ ಅಂದುಕೊಂಡೆ. ಆದರೆ ಅವಳು ಫೋನನ್ನು ನನ್ನ ಕಡೆ ಚಾಚಿದಳು. "ಸೋಲೋದಿದ್ರೆ ಸೋಲ್ಲಿ. ಎಷ್ಟು ದಿನ ಅಂತ ಆ ಹಾವಿನ ಮುಂದೆ ನಿಲ್ಸೋದು ನನ್ ಮಗೂನ? ನನ್ ಕೈಲಿ ಆಗಲ್ಲ. ನೀನು ಮುಗ್ಸು."

ಇನ್ನೊಬ್ಬರ ಫೋನು ನನ್ನ ಕೈಯಲ್ಲಿ ಕೆಲಸ ಮಾಡುವುದಿಲ್ಲ. ಮುಗಿಸಬೇಕಾದರೆ ಅದು ನನ್ನದಾಗಬೇಕು. ನನ್ನದಾದರೆ ನನ್ನ ಕಟ್ಟು ಕೆಡುತ್ತದೆ. ಒಂದು ದಿನ ಚಪ್ಪಲಿಯಿಲ್ಲ, ಒಂದು ದಿನ ಕನ್ನಡಕವಿಲ್ಲ. ಮುಳ್ಳು ದಿನಾ ಅನ್ನುವ ಹಾಗೆ ನನ್ನ ಕೈಗೆ ಬರುತ್ತದೆ, ಜೀವ ಇರುವವರೆಗೂ. ಒಳ್ಳೆಯ ಆಟಗಾರ್ತಿ ಇಂಥ ಕಡೆ ಏನು ಮಾಡುತ್ತಾಳೆ ಎಂದು ಯಾರನ್ನು ಬೇಕಾದರೂ ಕೇಳಿ. ಅಮ್ಮನ ಎದೆಯಲ್ಲಿ ಆ ಸುಂಯ್ ಸದ್ದು ಶುರುವಾಗಿತ್ತು.

"ನನಗೆ ಬೇಕು," ಅಂದೆ. ಹುಟ್ಟಿ ಬುದ್ಧಿ ಬಂದಮೇಲೆ ಆ ಮಾತು ನನ್ನ ಬಾಯಲ್ಲಿ ಬಂದದ್ದೇ ಇಲ್ಲ. ನಾಲಿಗೆ ತೊದಲಿತು.

ಫೋನು ಬೆಚ್ಚಗಿತ್ತು. ಅಮ್ಮ ಎದ್ದು ಅಡುಗೆಮನೆಗೆ ಹೋದಳು, ನೋಡಲು ಅವಳಿಗಾಗಲಿಲ್ಲ. ನಾನು ಒಬ್ಬಳೇ ಗೋಡೆಗೊರಗಿ ಕೂತು ಐದೆಲೆಗಳನ್ನು ಮತ್ತೆ ನೋಡಿದೆ. ಬೆಲ್ಲ, ಗುದ್ದು, ಗಾಳಿಪಟ, ದೀಪ, ಇನ್ನೊಂದು ಗಾಳಿಪಟ. ಅಯ್ಯೋ ಅಕ್ಕ, ಗಾಳಿಪಟ ಯಾರಾದರೂ ತಗೋತಾರೇನೇ, ಅದರಿಂದ ಏನೂ ಆಗುವುದಿಲ್ಲ, ಎಲೆ ಮೇಲೆ ಚಿತ್ರ ಚೆನ್ನಾಗಿದೆ ಅಷ್ಟೆ! ಅವಳ ಕಟ್ಟನ್ನು ತೆರೆದು ಒಂದೊಂದೇ ಎಲೆ ನೋಡುತ್ತ ಹೋದೆ. ಒಂದನ್ನೂ ಬೇಡ ಅಂದಿರಲಿಲ್ಲ. ಇಂಥ ಕಟ್ಟು ಹಿಡಿದು ಈ ಮೆಟ್ಟಿಲಿನವರೆಗೆ ಇಳಿದದ್ದಾದರೂ ಹೇಗೆ ಎಂದು ನನಗೆ ಈಗಲೂ ಅರ್ಥವಾಗಿಲ್ಲ. ನಾನು ಆಡಿದ್ದರೆ ಮೂರನೆಯ ಮೆಟ್ಟಿಲಿನಲ್ಲೇ ಸಾಯುತ್ತಿದ್ದೆ. ಅವಳು ಮಾತ್ರ ಇಳಿದುಬಿಟ್ಟಿದ್ದಳು, ನಗುತ್ತ ಇಳಿದಿರುತ್ತಾಳೆ, ನನಗೆ ಗೊತ್ತಿಲ್ಲವೇ ಅವಳ ಬುದ್ಧಿ.

ಬೆಲ್ಲ ಹಾಕಿದೆ, ಸ್ವಲ್ಪ ಜೀವ ಬಂತು. ಗುದ್ದು ಹಾಕಿದೆ, ಹಾವು ಕದಲಲಿಲ್ಲ. ಗಾಳಿಪಟ ಎರಡನ್ನೂ ಹಾಕಿದೆ, ಅವು ಸುಮ್ಮನೆ ಪರದೆಯ ಮೇಲಕ್ಕೆ ಹಾರಿಹೋದವು. ಕೊನೆಗೆ ದೀಪ. ಗುರಾಣಿ ಬಾ, ಗುರಾಣಿ ಬಾ ಎಂದು ಹುಚ್ಚಿಯ ಹಾಗೆ ಗಟ್ಟಿಯಾಗಿ ಹೇಳುತ್ತ ಒತ್ತಿದೆ. ಲೆಕ್ಕ ಗೊತ್ತಿದ್ದವಳೂ ಆ ಹೊತ್ತಿಗೆ ಲೆಕ್ಕ ಮರೆಯುತ್ತಾಳೆ. ಬಂದದ್ದು ಇನ್ನೊಂದು ಗಾಳಿಪಟ.

ಹಾವು ಹೊಡೆಯಿತು. ಪರದೆ ಕಪ್ಪಾಯಿತು. ಆಮೇಲೆ ಬಾವಿಯ ಕಟ್ಟೆ, ಮೇಲಿನ ಮೆಟ್ಟಿಲು, ಅವೇ ಸಪ್ಪೆ ಎಲೆಗಳು ಕಾಣಿಸಿದವು. ಅವಳು ಬಾಚಿಕೊಂಡದ್ದು ಒಂದೂ ಇರಲಿಲ್ಲ.

ಆಗ ನನ್ನೊಳಗಿಂದ ಏನೋ ಕಿತ್ತುಕೊಂಡು ಬಂತು. ಅದು ಅಳು ಎಂದು ನನಗೇ ತಿಳಿಯಲಿಲ್ಲ. ಬಾಯಿ ತೆರೆದರೆ ಗಾಳಿ ಒಳಗೆ ಹೋಗುತ್ತಿಲ್ಲ, ಕೂಗೂ ಹೊರಗೆ ಬರುತ್ತಿಲ್ಲ. ಎದೆ ಹಿಡಿದುಕೊಂಡು ನೆಲದ ಮೇಲೆ ಬಗ್ಗಿಹೋದೆ. ಸದ್ದು ಕೇಳಿ ಅಮ್ಮ ಓಡಿಬಂದಳು. ಅವಳ ಮುಖ ನೋಡಿದೆ. ಮಾಗಿಯ ಆ ಬೆಳಗ್ಗೆ ಇದ್ದದ್ದೂ ಅದೇ ಮುಖ. "ಅಯ್ಯೋ ನಿಂಗೂ ಬಂತೇನೇ!" ಎಂದು ಕಿರುಚಿ ಸೆರಗಿನ ಗಂಟಿನಿಂದ ಪಂಪು ತೆಗೆದು ನನ್ನ ಬಾಯಿಗೆ ತುರುಕಿ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು.

"ಉಬ್ಬಸ ಅಲ್ಲಮ್ಮ," ಅಂದೆ ಹೇಗೋ. "ಅಳು. ಅಕ್ಕ ಸತ್ತೋದ್ಲಮ್ಮ."

ಅಮ್ಮ ನನ್ನ ತಲೆಯನ್ನು ಎದೆಗವಚಿಕೊಂಡಳು. ಅವಳ ಎದೆಯೊಳಗೆ ಸುಂಯ್ ಸದ್ದಿರಲಿಲ್ಲ. "ಹೂಂ ಕಣೆ, ಸತ್ತೋದ್ಲು," ಅಂದಳು. "ಅಳು, ಅಳು. ಆದ್ರೆ ಮೊದ್ಲು ಉಸಿರು ಎಳ್ಕೋ."

ನಾನು ಎಳೆದುಕೊಂಡೆ.